ಹದಿನಾಲ್ಕನೇ ಸೀಟು ಇಬ್ಬರಿಗೆ ಹಂಚಿಕೆಯಾದ ಬಗ್ಗೆ

ಸಂಖ್ಯೆ: ಆಹಂ/ಬೀಗ/೧೪(೨)

ವಿಷಯ: ಒಂದೇ ಮಾಹಿತಿಯನ್ನು ಹಲವು ಪ್ರೋಗ್ರಾಮುಗಳೂ ಹಲವು ಕೈಗಳೂ ಏಕಕಾಲಕ್ಕೆ ಮುಟ್ಟದಂತೆ ತಡೆಯುವ ಕುರಿತು.

ಉಲ್ಲೇಖ: (೧) ಪ್ರೋಗ್ರಾಮರ್ ಅವರ ಟಿಪ್ಪಣಿ. (೨) ಅದೇ ಟಿಪ್ಪಣಿ, ಮರುಸಲ್ಲಿಕೆ. (೩) ಅದೇ, ಕೆಂಪು ಶಾಯಿಯಲ್ಲಿ. (೪) ಬಸ್ಸಿನೊಳಗಿಂದ ಬಂದ ಮೌಖಿಕ ದೂರು (ಕೆಲವು ಪದಗಳನ್ನು ಕಡತದಿಂದ ತೆಗೆಯಲಾಗಿದೆ).

ಪ್ರಸ್ತಾವನೆ:

ಬಸ್ಸಿನ ಆಸನ ಹಂಚುವ ಈ ವಿಭಾಗದಲ್ಲಿ ಟಿಕೆಟ್ ಕಿಟಕಿಗೊಂದರಂತೆ ನಾಲ್ಕು ಪ್ರೋಗ್ರಾಮುಗಳು ಒಂದೇ ಆಸನಪಟ್ಟಿಯನ್ನು ಓದಿ ಬರೆಯುತ್ತವೆ. ಒಂದು ಓದಿ ಬರೆಯುವಷ್ಟರಲ್ಲಿ ಇನ್ನೊಂದು ಓದಿಬಿಟ್ಟರೆ ಎರಡಕ್ಕೂ ಸೀಟು ಖಾಲಿಯೆಂದೇ ಕಾಣುವುದೆಂದೂ, ಪಟ್ಟಿಗೆ ಬೀಗ ಬೇಕೆಂದೂ ಪ್ರೋಗ್ರಾಮರ್ ಅವರು ಮೂರು ಬಾರಿ ಬರೆದುಕೊಂಡಿದ್ದರು. "ಇಷ್ಟು ದಿನ ಏನೂ ಆಗಿಲ್ವಲ್ಲಮ್ಮ" ಎಂದು ಅಧೀಕ್ಷಕರು ಮೂರನ್ನೂ ಕಡತಕ್ಕೆ ಸೇರಿಸಿರುತ್ತಾರೆ.

ಮಂಗಳವಾರ ಆಯಿತು. ಹದಿನಾಲ್ಕನೇ ಸೀಟು ಎರಡನೇ ಕಿಟಕಿಯಲ್ಲಿ ಒಬ್ಬ ಪಿಯಾನೋ ರಿಪೇರಿಯವರಿಗೂ, ಅದೇ ಗಳಿಗೆಯಲ್ಲಿ ಮೂರನೇ ಕಿಟಕಿಯಲ್ಲಿ ಮಗಳ ಹೆರಿಗೆಗೆಂದು ಹೊರಟಿದ್ದ ಹಿರಿಯ ಮಹಿಳೆಗೂ ಹಂಚಿಕೆಯಾಯಿತು. ಸದರಿ ಮಹಿಳೆ ಪ್ರೋಗ್ರಾಮರ್ ಅವರ ಅತ್ತೆ. "ನನ್ನ ಸೊಸೆ ಬರೆದಿರೋ ಪ್ರೋಗ್ರಾಮು, ಅದು ಕೊಟ್ಟ ಸೀಟು ಸುಳ್ಳಾಗತ್ತಾ?" ಎಂದು ಕೂತವರು ಜಪ್ಪಯ್ಯ ಎಂದರೂ ಏಳಲಿಲ್ಲ. ರಿಪೇರಿಯವರದೂ ಅದೇ ಹಟ. ಐವತ್ತು ನಿಮಿಷ ತಡವಾಗಿ, ಇಬ್ಬರನ್ನೂ ಒಂದೇ ಸೀಟಿಗೆ ತುರುಕಿಕೊಂಡು ಬಸ್ಸು ಹೊರಟಿತು. ಅಜ್ಜಿ ಆಸ್ಪತ್ರೆ ತಲುಪುವ ಅರ್ಧ ಗಂಟೆ ಮೊದಲೇ ಮೊಮ್ಮಗಳು ಹುಟ್ಟಿದ್ದಳು. "ಮೊದಲನೇ ಅಳು ಕೇಳೋದು ತಪ್ಪಿಹೋಯ್ತಲ್ಲೇ" ಎಂದು ಅತ್ತೆ ಫೋನಿನಲ್ಲಿ ಅಂದಾಗ, ಪ್ರೋಗ್ರಾಮರ್ ಅವರು ಪರದೆಯತ್ತ ತಿರುಗಿ ಕಣ್ಣೊರೆಸಿಕೊಂಡದ್ದು ಕಚೇರಿಯ ಗಮನಕ್ಕೆ ಬಂದಿದೆ.

ಬುಧವಾರ ಅವರು ಅಧೀಕ್ಷಕರ ಮೇಜಿನ ಮುಂದೆ ನಿಂತು, "ಸಾರ್, ಬೀಗ ಇವತ್ತೇ ಹಾಕ್ಬೇಕು" ಎಂದರು. ಅಧೀಕ್ಷಕರು ತಕ್ಷಣ ಎರಡು ಹಿತ್ತಾಳೆ ಬೀಗ ತರಿಸಿ, ಒಂದನ್ನು ಕಂಪ್ಯೂಟರ್ ಕೋಣೆಗೂ ಒಂದನ್ನು ಟಿಕೆಟ್ ಮುದ್ರಿಸುವ ಕೋಣೆಗೂ ಜಡಿದರು. ಬೀಗವೆಂದರೆ ಪ್ರೋಗ್ರಾಮಿನೊಳಗಿನ ಬೀಗ ಎಂಬ ವಿವರಣೆಯನ್ನು ಕೇಳಲು ಅವರಿಗೆ ಪುರುಸೊತ್ತಿರಲಿಲ್ಲ.

ಗುರುವಾರ ಒಂದು ಕೋಣೆಯ ಕೀಲಿ ಅಧೀಕ್ಷಕರ ಕೈಯಲ್ಲಿ, ಇನ್ನೊಂದರದು ಉಪ ಅಧೀಕ್ಷಕರ ಕೈಯಲ್ಲಿ. ಟಿಕೆಟ್ ಕೊಡಲು ಎರಡೂ ಬೇಕು. "ನೀವು ಮೊದಲು ಕೊಡಿ." "ನೀವು ಕೊಟ್ರೆ ಕೊಡ್ತೀನಿ ಸಾರ್." ಹನ್ನೊಂದರಿಂದ ಒಂದೂವರೆಯವರೆಗೆ ಇಬ್ಬರೂ ಮೊಗಸಾಲೆಯಲ್ಲಿ ಕಂಬದಂತೆ ನಿಂತಿದ್ದರು. ಜನರ ಸಾಲು ಗೇಟು ದಾಟಿತು.

ಪ್ರೋಗ್ರಾಮರ್ ಅವರಿಗೆ ತಾಳ್ಮೆ ತಪ್ಪಿತು. "ಇಬ್ಬರೂ ಕೈಲಿರೋದನ್ನ ಮೇಜಿನ ಮೇಲಿಡಿ! ಇನ್ಮೇಲೆ ಯಾರೇ ಆಗ್ಲಿ, ಮೊದಲು ಕಂಪ್ಯೂಟರ್ ಕೀಲಿ, ಆಮೇಲೆ ಮುದ್ರಣದ್ದು. ಮೊದಲನೇದು ಸಿಗದವರು ಎರಡನೇದನ್ನ ಮುಟ್ಟೋ ಹಾಗಿಲ್ಲ" ಎಂದು ಗದರಿದರು. ಇಬ್ಬರೂ ಇಟ್ಟರು. ಬಳಿಕ ಅವರು ಕುಳಿತು ಪ್ರೋಗ್ರಾಮಿನಲ್ಲಿ ಹನ್ನೊಂದು ಸಾಲು ಬರೆದು, ಪಟ್ಟಿ ಓದುವುದೂ ಬರೆಯುವುದೂ ಒಂದೇ ಉಸಿರಿನಲ್ಲಿ ಆಗುವಂತೆ ಮಾಡಿದರು. ಅಂದಿನಿಂದ ಯಾವ ಸೀಟೂ ಇಬ್ಬರ ಪಾಲಾಗಿಲ್ಲ.

ಇದರಿಂದ ಅತೀವ ಸ್ಫೂರ್ತಿಗೊಂಡ ಕಚೇರಿಯು ಸಮಸ್ತ ಸಿಬ್ಬಂದಿಗೆ ಈ ಕೆಳಗಿನಂತೆ ವಿಧಿಸಿದೆ:

೧. ಪಟ್ಟಿಯನ್ನು ಓದಿದವರು ಬರೆದು ಮುಗಿಸುವ ತನಕ ಸೀನತಕ್ಕದ್ದಲ್ಲ. ಸೀನಿದಲ್ಲಿ ಮೊದಲಿನಿಂದ ಓದತಕ್ಕದ್ದು.

೨. ಕೈತೊಳೆಯುವಲ್ಲಿ ಮೊದಲು ನಲ್ಲಿ, ನಂತರ ಸಾಬೂನು. ಸಾಬೂನು ಹಿಡಿದವರು ನಲ್ಲಿಗೂ, ನಲ್ಲಿ ಹಿಡಿದವರು ಸಾಬೂನಿಗೂ ಕಾದು ಊಟದ ವೇಳೆ ಕಳೆದ ಪ್ರಕರಣವನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

೩. ಸರತಿಯಲ್ಲಿರುವವರು ನಿಮಿಷಕ್ಕೊಮ್ಮೆ "ಆಯ್ತಾ?" ಎನ್ನುವುದನ್ನು ನಿಷೇಧಿಸಲಾಗಿದೆ. ಮುಗಿಸಿದವರೇ "ಆಯ್ತು" ಎಂದು ಕೂಗತಕ್ಕದ್ದು. ಕೂಗಿದಾಗ ಒಬ್ಬರು ಮಾತ್ರ ಏಳತಕ್ಕದ್ದು. ಸೋಮವಾರ ಒಂಬತ್ತು ಮಂದಿ ಒಟ್ಟಿಗೆ ಎದ್ದು ಎರಡು ಹಣೆಗಳು ಬುಗುಟೆದ್ದಿರುತ್ತವೆ.

೪. ಬಾಚಣಿಗೆಯನ್ನು ಹಂಚಿಕೊಳ್ಳತಕ್ಕದ್ದಲ್ಲ, ತಲೆಗೊಂದು ಪ್ರತ್ಯೇಕ ಪ್ರತಿ ಇರತಕ್ಕದ್ದು. ತಲೆಗೂದಲಿಲ್ಲದವರ ಅರ್ಜಿ ಪರಿಶೀಲನೆಯಲ್ಲಿದೆ.

೫. ಕಚೇರಿಯ ಸುದ್ದಿಯನ್ನು ಎಷ್ಟು ಮಂದಿ ಬೇಕಾದರೂ ಏಕಕಾಲಕ್ಕೆ ಕೇಳಬಹುದು. ಆದರೆ ಅದಕ್ಕೆ ಉಪ್ಪುಖಾರ ಹಚ್ಚುವವರು ಒಮ್ಮೆಗೆ ಒಬ್ಬರೇ ಇರತಕ್ಕದ್ದು. ಆ ಹೊತ್ತಿನಲ್ಲಿ ಉಳಿದವರು ಕಿವಿ ಮುಚ್ಚಿಕೊಳ್ಳತಕ್ಕದ್ದು.

೬. ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಯಾರೂ ನಿವೃತ್ತರಾಗತಕ್ಕದ್ದಲ್ಲ.

ತಪ್ಪಿದವರನ್ನು ಸಾಲಿನ ಕೊನೆಗೆ ಕಳುಹಿಸಲಾಗುವುದು.

ಸಹಿ/-
(ಓದಲು ಬರುವುದಿಲ್ಲ. ಅಧೀಕ್ಷಕರೂ ಉಪ ಅಧೀಕ್ಷಕರೂ ಒಂದೇ ಜಾಗದಲ್ಲಿ ಏಕಕಾಲಕ್ಕೆ ಸಹಿ ಮಾಡಿರುತ್ತಾರೆ.)

ಪ್ರತಿಗಳು:

೧. ಪ್ರೋಗ್ರಾಮರ್ ಅವರಿಗೆ. ಅವರ ಮೂರೂ ಟಿಪ್ಪಣಿಗಳನ್ನು ಈಗ ಓದಲಾಗಿದೆ, ಅಕ್ಷರ ಚೆನ್ನಾಗಿದೆ.

೨. ಪಿಯಾನೋ ರಿಪೇರಿಯವರಿಗೆ, ಸೊಂಟನೋವಿನ ವಿಷಾದದೊಂದಿಗೆ.

೩. ಅತ್ತೆಯವರಿಗೆ, ಗೌರವಪೂರ್ವಕವಾಗಿ, ದೂರದಿಂದ.

೪. ನವಜಾತ ಶಿಶುವಿಗೆ, ಅಕ್ಷರ ಕಲಿತ ಮೇಲೆ ಓದಿಕೊಳ್ಳಲು. ತೊಟ್ಟಿಲು ಬೇರೆ ಯಾರಿಗೂ ಹಂಚಿಕೆಯಾಗಿಲ್ಲವೆಂದು ತಾಯಿಯ ಅತ್ತಿಗೆಯಾದ ಪ್ರೋಗ್ರಾಮರ್ ಅವರು ಖುದ್ದು ಪರಿಶೀಲಿಸಿದ್ದಾರೆ, ನಿಶ್ಚಿಂತೆಯಿಂದ ಮಲಗತಕ್ಕದ್ದು.