ಸಪ್ಪಳಕ್ಕೊಂದು ಮ್ಯಾಚಿಂಗ್

ಕಲಬುರಗಿಯಲ್ಲಿ ವಯಸ್ಸಾದ ಗೃಹಸ್ಥರೊಬ್ಬರು ಹಿಟ್ಟಿನ ಗಿರಣಿಯ ಮುಂದೆ ಕಣ್ಣು ಮುಚ್ಚಿ, ತಲೆ ವಾಲಿಸಿ ನಿಂತು, "ಊಂಹೂಂ, ಇದು ಭಾಳ ದಪ್ಪಾತು" ಎಂದು ಹೇಳಿ ಮುಂದೆ ನಡೆದದ್ದನ್ನು ನೀವೇನಾದರೂ ಕಂಡಿದ್ದರೆ ಗಾಬರಿಯಾಗಬೇಡಿ. ಅವರು ನಮ್ಮ ಮಾಮಾ, ಅಂದರೆ ನನ್ನ ಅವ್ವನ ತಮ್ಮ. ತಮ್ಮ ಎಡಗಿವಿಯೊಳಗಿನ ಸಪ್ಪಳಕ್ಕೆ ಮ್ಯಾಚಿಂಗ್ ಹುಡುಕುತ್ತಿದ್ದಾರೆ!

ನಗಬೇಡಿ, ಅದು ಅವರ ಕಸುಬು. ಮೂವತ್ತು ವರ್ಷ ಅವರು ಮ್ಯಾಚಿಂಗ್ ಸೆಂಟರೊಂದರಲ್ಲಿ ನಿಂತು, ಊರಿನ ಸೀರೆಗಳಿಗೆಲ್ಲ ಬ್ಲೌಸ್ ಪೀಸು, ಫಾಲು ಹೊಂದಿಸಿ ಕೊಟ್ಟವರು. "ನೀಲಿದು ಕೊಡ್ರಿ" ಎಂದು ಬರಿಗೈಯಲ್ಲಿ ಬಂದವರಿಗೆ ಅವರ ಉತ್ತರ ಒಂದೇ: "ಬಾಯಿಲೆ ಬಣ್ಣ ಹೇಳಬ್ಯಾಡ್ರಿ ತಂಗಿ, ಸೀರಿ ತಗೊಂಡು ಬರ್ರಿ!" ಸೀರೆ ಬಂದರೆ ಅಂಗಡಿಯ ಟ್ಯೂಬ್‌ಲೈಟನ್ನು ನಂಬುವವರೂ ಅಲ್ಲ. ಸೀರೆ, ಬಟ್ಟೆ ಸುತ್ತಿದ ಇಡೀ ಥಾನು ಎರಡನ್ನೂ ರಸ್ತೆಗೆ ಒಯ್ದು, ಬಿಸಿಲಿಗೆ ಹಿಡಿದು, ಆಟೋದವರ ಕೈಲಿ ಬೈಸಿಕೊಂಡು, ಆಮೇಲೆ ಕತ್ತರಿ ಹಾಕುತ್ತಿದ್ದರು. ಜೋಡಿಯಿಲ್ಲದ ಬಣ್ಣವನ್ನು ದೇವರು ಮಾಡಿಯೇ ಇಲ್ಲ ಎಂಬುದು ಅವರ ಸಿದ್ಧಾಂತ.

ಕಳೆದ ಮಳೆಗಾಲದಲ್ಲಿ ಮಾಮಿ ಹತ್ತು ಸಲ ಕೂಗಿದರೂ ಮಾಮಾ ಓಗೊಡಲಿಲ್ಲ. (ಅದರಲ್ಲಿ ಹೊಸದೇನು ಅನ್ನುತ್ತೀರಾ? ಮಾಮಿಯೂ ಮೊದಲು ಹಾಗೇ ಅಂದುಕೊಂಡಿದ್ದರು!) ಕೊನೆಗೆ ಡಾಕ್ಟರ ಹತ್ತಿರ ಹೋದರೆ ಕಿವಿ ತುಂಬ ಗುಗ್ಗೆ. ಡಾಕ್ಟರು ಬೆಚ್ಚಗಿನ ನೀರು ಬಿಟ್ಟು ತೆಗೆದರು. ಮಾಮಾ ಅದನ್ನು ಬಿಟ್ಟು ಬರುವುದುಂಟೆ? ಕಡ್ಡಿಪೆಟ್ಟಿಗೆಯಲ್ಲಿ ಹಾಕಿಕೊಂಡು ಗಾಜಿಪುರದ ಮನೆಗೆ ತಂದು, ಮಾಮಿಯ ಮುಂದೆ ತೆರೆದು, "ನೋಡು, ನಿನ್ನ ಮಾತೆಲ್ಲಾ ಇದರಾಗ ಸಿಕ್ಕೊಂಡಿದ್ದವು" ಅಂದರು. ಮಾಮಿ ಪೆಟ್ಟಿಗೆಯನ್ನೂ ಅವರನ್ನೂ ಒಟ್ಟಿಗೇ ಅಂಗಳಕ್ಕೆ ಹಾಕಿದರು.

ಅಂದಿನಿಂದ ಮಾಮಿಯ ಮಾತು ಸ್ಪಷ್ಟವಾಗಿ ಕೇಳಿಸತೊಡಗಿತು. ಅದರ ಜೊತೆಗೆ, ಯಾರೂ ಮಾಡದ ಒಂದು ಸಪ್ಪಳವೂ ಎಡಗಿವಿಯಲ್ಲಿ ಹಗಲೂ ರಾತ್ರಿ ಕೇಳಿಸತೊಡಗಿತು. ಮತ್ತೆ ಡಾಕ್ಟರು ಪರೀಕ್ಷೆ ಮಾಡಿದರು. "ಕಿವಿ ಚೊಲೋ ಅದಾವ್ರಿ. ಕೆಲವರಿಗೆ ಹಿಂಗಾಗ್ತದ. ಕಡಿಮಿ ಆಗಬಹುದು, ಉಳದರೂ ಉಳೀಬಹುದು. ಅದರ ಬೆನ್ನ ಹತ್ತಬ್ಯಾಡ್ರಿ" ಅಂದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. "ಅಂದಂಗ, ಎಂಥಾ ಸಪ್ಪಳರೀ ಅದು?" ಎಂದು ಕೇಳಿಬಿಟ್ಟರು. ಮಾಮಾಗೆ ಹೇಳಲು ಬರಲಿಲ್ಲ. ಸೀರೆಯಿಲ್ಲದೆ ಬಂದ ಗಿರಾಕಿಯ ಗತಿ ಅವರಿಗೇ ಬಂದಿತ್ತು.

ಶುರುವಾಯಿತು ನೋಡಿ ಶೋಧ! ಕುಕ್ಕರಿನ ಮುಂದೆ ಕುಳಿತರು: "ಇದು ಭಾಳ ಗಾಢ." ಓಣಿಯ ಟ್ರಾನ್ಸ್‌ಫಾರ್ಮರಿನ ಕೆಳಗೆ ನಿಂತರು: "ಸಮೀಪ ಅದ, ಖರೇ ಒಂದು ಶೇಡು ಕೆಳಗ." ಹೊಲಿಗೆ ಯಂತ್ರ, ಮಿಕ್ಸರು, ತಾಜಸುಲ್ತಾನಪುರಕ್ಕೆ ಹೋಗುವ ಬಸ್ಸಿನ ಇಂಜಿನ್ನು, ಯಾವುದನ್ನೂ ಬಿಡಲಿಲ್ಲ. ಮನೆಯ ಗದ್ದಲದಲ್ಲಿ ತಮ್ಮ ಸಪ್ಪಳವೇ ಸರಿಯಾಗಿ ಗೊತ್ತಾಗುತ್ತಿಲ್ಲ ಎಂದು ಅನುಮಾನ ಬಂದು, ಬಟ್ಟೆಯನ್ನು ಬಿಸಿಲಿಗೆ ಒಯ್ಯುತ್ತಿದ್ದ ಹಾಗೆ, ಅದನ್ನು ಮಟಮಟ ಮಧ್ಯಾಹ್ನ ಕೋಟೆಯೊಳಗಿನ ಮಸೀದಿಗೆ ಒಯ್ದರು. ಆ ಕಮಾನುಗಳ ಕೆಳಗಿನ ತಣ್ಣನೆಯ ಮೌನದಲ್ಲಿ ಅವರು ಕಣ್ಣು ಮುಚ್ಚಿ ನಿಂತಿದ್ದಾಗ ಕಾವಲುಗಾರ ಬಂದ.

"ಕ್ಯಾ ಚಾಚಾ, ಏನ್ ಹುಡುಕಾಕತ್ತೀರಿ?"

"ಆವಾಜ್."

"ಕಳದದೇನ್ರಿ?"

"ಕಳದಿಲ್ಲಪಾ, ಹೆಚ್ಚಾಗ್ಯಾದ!"

ಆತ ಪಾಪ, ತಾನೂ ಕಿವಿಗೆ ಕೈಯಾನಿಸಿ ಕೇಳಿಸಿಕೊಂಡು, "ಮುಝೆ ತೋ ಕುಛ್ ನಹೀಂ ಆರಾ, ಚಾಚಾ, ಏನೂ ಕೇಳಸವಲ್ದು" ಎಂದನಂತೆ. ನಾನು ಅವರ ಮನೆಗೆ ಹೋಗಿದ್ದಾಗ ಮಾಮಾ ಇದನ್ನು ಹೇಳಿದರೆ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರು ಮಾತ್ರ ನಗಲಿಲ್ಲ. ಆಗಲೇ ನಾನು ಗಮನಿಸಿದ್ದು, ಅವರ ಅಂಗಿ ಹೆಗಲಲ್ಲಿ ಸಡಿಲವಾಗಿತ್ತು. ಮನೆ ನಿಶ್ಶಬ್ದವಾದರೆ ಸಪ್ಪಳ ಏರುತ್ತದೆಂದು ಮಧ್ಯಾಹ್ನ ಮಲಗುವುದನ್ನೇ ಬಿಟ್ಟಿದ್ದರು. "ಹುಚ್ಚ ಅಂದ್ರ ಅನ್ರಿ. ಒಬ್ಬರು, ಬರೇ ಒಬ್ಬರು, ಹೌದು, ಇಂಥಾದ್ದು ನನಗೂ ಕೇಳಸ್ತದ ಅಂದ್ರ ಸಾಕು ನನಗ" ಅಂದರು.

ನಾನು ಕಮಲಾಪುರದಲ್ಲಿ ಶಾಲೆಯ ಟೀಚರು. ಅವ್ವ ನನ್ನ ಜೊತೆಗಿದ್ದಾಳೆ. ಮಾಮಾನ ಕಥೆಯನ್ನು ಮನೆಗೆ ಬಂದು ಅಭಿನಯಿಸಿ ತೋರಿಸಿದರೆ ಅವ್ವ ನಗಲಿಲ್ಲ. "ಎಡಗಿವ್ಯೋ ಬಲಗಿವ್ಯೋ?" ಎಂದಷ್ಟೇ ಕೇಳಿದಳು. ಪಕ್ಕದಲ್ಲಿ ಅವಳ ಹಳೇ ರೇಡಿಯೋ ಯಾವ ಸ್ಟೇಷನ್ನೂ ಇಲ್ಲದೆ ಎಂದಿನಂತೆ ಬುಸುಗುಡುತ್ತಿತ್ತು. ಶಾಲೆಯಲ್ಲಿ ದಿನವಿಡೀ ಮಕ್ಕಳ ಗದ್ದಲ ಕೇಳುವವಳು ನಾನು. "ಹಾಡರೇ ಹಚ್ಚು, ಇಲ್ಲಾ ಬಂದ್ ಮಾಡು" ಎಂದು ಗದರಿ ನಾನೇ ಆರಿಸಿದೆ. ಇದು ವರ್ಷಗಳಿಂದ ಆಗಾಗ ನಡೆದುಬಂದ ಜಗಳ.

ಒಂದು ಭಾನುವಾರ ಮಾಮಾ ಬಸ್ಸು ಹತ್ತಿ ನಮ್ಮಲ್ಲಿಗೆ ಬಂದರು. ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದವರು ಬಸಿಯನ್ನು ತುಟಿಯ ಹತ್ತಿರವೇ ಹಿಡಿದು ಕಿವಿಗೊಟ್ಟರು. ಆಮೇಲೆ ಎದ್ದು, ನೇರ ಅಡುಗೆಮನೆಗೆ ನುಗ್ಗಿ, ರೇಡಿಯೋಕ್ಕೆ ಕಿವಿ ಹಚ್ಚಿದರು.

"ಇದ! ಇದ ಶೇಡು! ಅಕ್ಕಾ, ಇದಕ್ಕ ಸ್ಟೇಷನ್ ಯಾಕ ಹಚ್ಚಿಲ್ಲ?"

ಅವ್ವ ಹೀರೇಕಾಯಿ ಹೆರೆಯುತ್ತಲೇ ಹೇಳಿದಳು: "ಹಾಡು ಹಚ್ಚಿದ್ರ ನಡುನಡುವ ನಿಂತ್ಬಿಡ್ತದ, ತಮ್ಮಾ. ಹಿಂಗಿದ್ರ ನನ್ನ ಕಿವ್ಯಾಗಿಂದು ಇದರಾಗ ಮುಚ್ಚಿ ಹೋಗ್ತದ."

"ನಿನ್ನ ಕಿವ್ಯಾಗಿಂದಾ? ಯಾವಾಗಿಂದ?"

"ಇಕಿ ನೌಕರಿಗೆ ಹತ್ತಿದ ವರ್ಷದಿಂದ."

ನಾನು ನೌಕರಿಗೆ ಸೇರಿ ಹದಿನಾರು ವರ್ಷ. "ನನಗ ಯಾಕ ಹೇಳಲಿಲ್ಲವ್ವಾ?" ಎಂದೆ.

"ಏನಂತ ಹೇಳ್ಲಿ? ತೆಗದು ತೋರಸಾಕ ಬರ್ತದೇನು?"

ಮಾಮಾ ಅಲ್ಲೇ ನೆಲದ ಮೇಲೆ ಕುಳಿತರು. ಅಕ್ಕ ತಮ್ಮ ಇಬ್ಬರೂ ಸೀರೆ ಹರವಿಕೊಂಡವರಂತೆ ತಮ್ಮ ತಮ್ಮ ಸಪ್ಪಳ ಹರವಿದರು.

"ನಂದು ಸ್ವಲ್ಪ ತೆಳು ಅದ."

"ನಂದು ಉಪವಾಸ ಇದ್ದ ದಿನ ಏರ್ತದ ಅಕ್ಕಾ."

"ನಂದೂ!"

ಮಾಮಾನ ಕಣ್ಣು ತುಂಬಿತ್ತು. ಆದರೂ ಮೂವತ್ತು ವರ್ಷದ ಅನುಭವ ಬಿಡುತ್ತದೆಯೆ? ತೀರ್ಪು ಕೊಟ್ಟೇಬಿಟ್ಟರು: "ತುಸು ಫರಕ ಅದ. ಆದ್ರ ಥಾನು ಒಂದೇ." ಅಂದು ಮೂರು ರೊಟ್ಟಿ ತಿಂದು, ಅಡುಗೆಮನೆಯಲ್ಲೇ, ರೇಡಿಯೋದ ಪಕ್ಕ, ಮಧ್ಯಾಹ್ನದ ನಿದ್ದೆ ಮಾಡಿದರು.

ಮರುದಿನ ಸಂಜೆ ನಾನು ಶಾಲೆಯಿಂದ ಬಂದು ಗೇಟು ತೆರೆದೆ. ಗೇಟು ಕಿರ್ರೆಂದದ್ದೇ ತಡ, ಒಳಗೆ ರೇಡಿಯೋ ಗಪ್ಪಾಯಿತು. ನಾನು ಬಂದೆನೆಂದು ಅವ್ವ ಆರಿಸಿದ್ದಳು. ನಾನು ಗದರುತ್ತೇನೆಂದು ಎಷ್ಟು ಸಂಜೆ ಹೀಗೆ ಆರಿಸಿದ್ದಳೋ! ನನ್ನ ಶಾಂತಿಗಾಗಿ ಅವಳು ಅಷ್ಟೂ ಸಂಜೆ ತನ್ನ ಕಿವಿಯ ಸಪ್ಪಳಕ್ಕೆ ಒಬ್ಬಳೇ ಸಿಕ್ಕಿಕೊಳ್ಳುತ್ತಿದ್ದಳು. ನನಗೆ ಅಲ್ಲೇ ಗೇಟಿನಲ್ಲಿ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು.

ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಹೋಗಿ ರೇಡಿಯೋ ಹಚ್ಚಿದೆ. ಸ್ಟೇಷನ್ ಹುಡುಕಲಿಲ್ಲ. ಅವ್ವನ ಪಕ್ಕ ಕುಳಿತು, "ಇಷ್ಟು ಸಾಕೇನವ್ವಾ, ಇನ್ನೂ ಸ್ವಲ್ಪ ಏರಸಲೇನು?" ಎಂದು ಕೇಳಿದೆ.