ಕಂಪ್ಯೂಟರಿನಲ್ಲಿ ಬರೆದ ಲಕ್ಷ್ಮಿ

ಕುಂಚ ಹಿಡಿದವರನ್ನು ಜನ ಗೌರವದಿಂದ ನೋಡುತ್ತಾರೆ, ಮೌಸ್ ಹಿಡಿದವರನ್ನು ಅನುಮಾನದಿಂದ. ನಾನು ಎರಡನ್ನೂ ಹಿಡಿದವಳಾದ್ದರಿಂದ ಪೇಚಿಗೆ ಸಿಕ್ಕಿಕೊಳ್ಳುವುದು ನನಗೆ ಮಾಮೂಲು. ಮೈಸೂರಿನಲ್ಲಿ ಸಾಂಪ್ರದಾಯಿಕ ಚಿತ್ರಕಲೆ ಕಲಿತು ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ನಿಗೆ ಬಂದವಳು, ಇಲ್ಲಿನ ನಮ್ಮವರಲ್ಲಿ ಯಾರೂ ಕಂಪ್ಯೂಟರಿನಲ್ಲಿ ಚಿತ್ರ ಬರೆಯದಿದ್ದ ಕಾಲದಲ್ಲೇ ಶುರು ಮಾಡಿದೆ. ಅದೂ ಚಿತ್ರವೇ ಎಂದು ಜನರನ್ನು ಒಪ್ಪಿಸಬೇಕೆಂಬ ಹಟ ಮಾತ್ರ ಇಷ್ಟು ವರ್ಷವೂ ನನ್ನನ್ನು ಬಿಟ್ಟಿಲ್ಲ.

೧. ಮೂಗಿನ ಬಟನ್ನು

ಕನ್ನಡದವರ ಹಬ್ಬದ ಕೂಟದಲ್ಲಿ ನನ್ನ ಚಿತ್ರ ನೋಡಿದ ಇಂಜಿನಿಯರೊಬ್ಬರು, ಈ ಕೃಷ್ಣನ ಮೂಗಿಗೆ ಯಾವ ಬಟನ್ನು ಒತ್ತಿದಿರಿ ಎಂದು ಕೇಳಿದರು. ನಾನು ಟ್ಯಾಬ್ಲೆಟ್ಟು, ಪೆನ್ನು ಎರಡನ್ನೂ ಅವರ ಕೈಗೇ ಕೊಟ್ಟೆ. ಅರ್ಧ ಗಂಟೆ ಬರೆದರು, ಅಳಿಸಿದರು, ಮತ್ತೆ ಬರೆದರು. ಕೊನೆಗೆ ಅವರ ಹೆಂಡತಿ ಬಂದು ನೋಡಿ, "ಆಲೂಗೆಡ್ಡೆ ಚೆನ್ನಾಗಿ ಬಂದಿದೆ ರೀ, ಊಟಕ್ಕೆ ಬನ್ನಿ" ಅಂದರು. ಆ ದಿನ ನಾನು ಎರಡು ಹೋಳಿಗೆ ಹೆಚ್ಚಿಗೆ ತಿಂದೆ.

೨. ನನ್ನ ಚಟ

ಹಾಗಂತ ಬಟನ್ನಿನ ಚಟ ನನಗಿಲ್ಲವೆಂದಲ್ಲ. ಒಮ್ಮೆ ಹಲಗೆಯ ಮೇಲೆ ಚಿನ್ನದ ರೇಕು ಅಂಟಿಸುವಾಗ ಕೆಂಪು ಬಣ್ಣದ ಬಟ್ಟಲು ಮಗುಚಿತು. ಕಂಪ್ಯೂಟರಿನಲ್ಲಿ ತಪ್ಪಾದರೆ ಅನ್‌ಡೂ ಒತ್ತಿ ಅದನ್ನು ರದ್ದು ಮಾಡಿ ರೂಢಿಯಾದ ಎಡಗೈ ಬೆರಳುಗಳು ಮೇಜನ್ನು ಕುಟ್ಟತೊಡಗಿದವು. ಮಗಳು ಇಂಗ್ಲಿಷಿನಲ್ಲಿ, ಅಮ್ಮಾ, ಟೇಬಲ್ಲಿಗೆ ಆ ಫೀಚರ್ ಇನ್ನೂ ಬಂದಿಲ್ಲ ಎಂದು ಹೇಳಿ ಪೇಪರ್ ಟವಲ್ ತಂದುಕೊಟ್ಟಳು.

೩. ಮುಟ್ಟಬಾರದು

ಸ್ಯಾನ್ ಫ್ರಾನ್ಸಿಸ್ಕೋದ ಒಂದು ಗ್ಯಾಲರಿ ಕಡೆಗೂ ನನ್ನ ಕಂಪ್ಯೂಟರ್ ಚಿತ್ರಕ್ಕೆ ಒಂದು ಗೋಡೆ ಕೊಟ್ಟಿತು. ಆಳೆತ್ತರದ ಟಚ್ ಸ್ಕ್ರೀನಿನಲ್ಲಿ ಮೈಸೂರು ಶೈಲಿಯ ಲಕ್ಷ್ಮಿ. ಮುಟ್ಟಿದರೆ ಚಿತ್ರದೊಳಗೆ ಅವಳ ಸುತ್ತಲಿನ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತವೆ. ಗ್ಯಾಲರಿಯಲ್ಲಿ ಏನನ್ನೂ ಮುಟ್ಟಬಾರದೆಂದು ಕಲಿತ ಜನ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮುಂದೆ ಹೋಗುತ್ತಿದ್ದರು. ಸಂಜೆಯೊಳಗೆ ಯಾರೂ ನಿಂತು ನೋಡದಿದ್ದರೆ ಇದನ್ನು ತೆಗೆದು ಸಮುದ್ರದ ಚಿತ್ರ ಹಾಕುತ್ತೇನೆಂದು ಮ್ಯಾನೇಜರು ಹೇಳಿಬಿಟ್ಟ. ನನಗೆ ಅಳು ಬರುವುದೊಂದು ಬಾಕಿ.

ಜೊತೆಗೆ ಕರೆದುಕೊಂಡು ಹೋಗಿದ್ದ ಪಕ್ಕದ ಮನೆಯ ಹಾಸನದ ಅಜ್ಜಿಗೆ ಇದ್ಯಾವುದೂ ಗೊತ್ತಿಲ್ಲ. ಚಪ್ಪಲಿ ಬಿಟ್ಟರು, ಪರ್ಸಿನಿಂದ ಕುಂಕುಮದ ಡಬ್ಬಿ ತೆಗೆದರು, ಲಕ್ಷ್ಮಿಯ ಹಣೆಗಿಟ್ಟು ಕೈ ಮುಗಿದರು. ದೀಪಗಳೆಲ್ಲ ಹತ್ತಿಕೊಂಡವು. ಟಿಶ್ಯೂ ಹಿಡಿದು ಓಡಿಬಂದ ಮ್ಯಾನೇಜರು ಅಲ್ಲೇ ನಿಂತ. ಹಿಂದೆ ಜನ ಸೇರಿದರು, ಮುಟ್ಟಲು ಸಾಲು ಕಟ್ಟಿದರು. ಅಜ್ಜಿ ಬಂದವರಿಗೆಲ್ಲ ಕುಂಕುಮ ಇಟ್ಟರು, ಮ್ಯಾನೇಜರನ್ನೂ ಬಿಡಲಿಲ್ಲ. ಕೆಂಪು ಹಣೆಯಲ್ಲೇ ಆತ, ಪ್ರದರ್ಶನ ಮುಗಿಯುವವರೆಗೂ ಈ ಚಿತ್ರ ಇಲ್ಲೇ ಇರಲಿ ಅಂದ. ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಮನೆಗೆ ಹೊರಟ ಕಾರು ಫ್ರೀವೇ ಹತ್ತಿದ ಮೇಲೆ ಅಜ್ಜಿ ನನ್ನ ಭುಜ ತಟ್ಟಿದರು.

"ಎಷ್ಟು ಚೆನ್ನಾಗಿ ಕೈಯಲ್ಲಿ ಬರ್ದಿದೀಯಲ್ಲೇ, ಸರಿಯಾದ ಹೊತ್ಗೆ ಗ್ಯಾಲರಿಯವ್ರೂ ಲೈಟ್ ಹಾಕಿದ್ರು. ಇನ್ಮೇಲೆ ಆ ಹಾಳು ಕಂಪ್ಯೂಟರ್ ಸಹವಾಸ ಬಿಟ್ಬಿಡು ತಾಯಿ."