ನಮ್ಮ ಗುಂಡ್ಯಾನ ಬಾಯಿಚಪಲ

ನಾಯಿ ಸಾಕಿದ ಮನೆಯಲ್ಲಿ ಮರ್ಯಾದೆ ಹೋಗಲು ದೊಡ್ಡ ಕಾರಣ ಬೇಕಿಲ್ಲ. ನಾಯಿ ದಿನಾ ಬೆಳಿಗ್ಗೆ ಹಿತ್ತಲಿಗೆ ಹೋಗಿ ಬಂದರೆ ಸಾಕು.

ನವನಗರದ ನಮ್ಮ ಮನೆಗೆ ಗುಂಡ್ಯಾ ಬಂದದ್ದು ನನ್ನ ಗಂಡನ ಊಟದ ಚೀಲದಲ್ಲಿ. ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮಾಲಿನ ಗುಣಮಟ್ಟ ನೋಡುವುದು ಅವರ ಕೆಲಸ. ಗೇಟಿನ ಬಳಿ ಹಸಿದು ಕುಂಯ್‌ಗುಡುತ್ತಿದ್ದ ಮರಿಯನ್ನು ತಾವೇ ಎತ್ತಿಕೊಂಡು ಬಂದರು. ವಾರದೊಳಗೆ ಅದು ತನ್ನ ಹೇಲನ್ನು ತಾನೇ ತಿನ್ನುವುದನ್ನು ಕಂಡು, ತಾವೇ ಅದನ್ನು ಸಾಗಹಾಕಲು ನಿಂತರು.

"ಇದು ರಿಜೆಕ್ಟ್ ಮಾಲು. ದೀಪಾವಳಿಯೊಳಗ ಈ ಚಟ ಬಿಡಲಿಲ್ಲಂದ್ರ ಸುಳ್ಳ ಊರಾಗಿನ ಕಾಕಾನ ಹೊಲಕ್ಕ ಕಳಸೂದ" ಅಂದರು.

ನನಗೋ ಅಷ್ಟರಲ್ಲಿ ಅದರ ಮೇಲೆ ಜೀವ ಹತ್ತಿಬಿಟ್ಟಿತ್ತು.

೧. ಹೇಳಲಾರದ ಬ್ಯಾನಿ

ನಾನೂ ಅತ್ತೆಯವರೂ ಗುಂಡ್ಯಾನನ್ನು ದನದ ಡಾಕ್ಟರ ಹತ್ತಿರ ಒಯ್ದೆವು. ಅತ್ತೆ ಹಳೆ ಧಾರವಾಡದವರು. ಹೇಲು ಎಂಬ ಶಬ್ದ ಅವರ ಮುಂದೆ ಯಾರೂ ಆಡುವಂತಿಲ್ಲ.

"ಏನ್ ತ್ರಾಸ್ರಿ?" ಎಂದರು ಡಾಕ್ಟರು.

"ತಿನ್ನಬಾರದ್ದು ತಿಂತಾನ್ರಿ" ಎಂದರು ಅತ್ತೆ.

"ಚಾಕಲೇಟ್ ಏನ್ರಿ?"

"ಅಲ್ರಿ."

"ಉಳ್ಳಾಗಡ್ಡಿ?"

"ಅಲ್ರಿ. ಮನ್ಯಾಗ ತಯಾರ ಆದದ್ದು."

"ಯಾರು ಮಾಡಿದ್ದು?"

"ಅವನೇ ಮಾಡಿದ್ದು."

ಪಕ್ಕದಲ್ಲಿ ಬೆಕ್ಕು ಹಿಡಿದು ಕೂತಿದ್ದವರಿಗೆ ಮೊದಲು ಅರ್ಥವಾಯಿತು. ಅವರು ಎದ್ದು ಬೇರೆ ಕುರ್ಚಿಗೆ ಹೋದರು.

"ಹಂಗಂದ್ರ ಹೇಲು ತಿಂತದ ಅನ್ರಿ. ಭಾಳ ಮರಿ ಮಾಡ್ತಾವ" ಎಂದರು ಡಾಕ್ಟರು ಆರಾಮಾಗಿ. ಹಸಿದು ಬೆಳೆದ ಮರಿ ಮಾಡಬಹುದು, ಹೊಟ್ಟೆಯಲ್ಲಿ ಹುಳ ಇದ್ದರೆ ಮಾಡಬಹುದು, ಕೂತು ಕೂತು ಬೇಸರವಾದರೂ ಮಾಡಬಹುದಂತೆ. ಹುಳದ ಔಷಧ ಕೊಟ್ಟು, ಹೊಟ್ಟೆ ತುಂಬ ಹಾಕ್ರಿ, ದಿನಾ ಅಡ್ಡಾಡಸ್ರಿ ಎಂದರು.

ಹೊರಗೆ ಬಂದ ಮೇಲೆ ಅತ್ತೆ ತೀರ್ಪು ಕೊಟ್ಟರು: "ಡಾಕ್ಟರು ಶಾಣ್ಯಾ ಅದಾರ. ಬಾಯಿ ಅಷ್ಟ ಛಲೋ ಇಲ್ಲ."

೨. ಖಾರದ ಉಪಾಯ

ಪಕ್ಕದ ಮನೆಯ ಮೆಕ್ಯಾನಿಕ್ ಚಾಚಾ ಬೈಕಿನಿಂದ ಹಿಡಿದು ಬಾಳೆಗಿಡದವರೆಗೆ ಎಲ್ಲದಕ್ಕೂ ರಿಪೇರಿ ಬಲ್ಲವರು.

"ಅಕ್ಕಾರ, ಅದರ ಮ್ಯಾಲೆ ಕೆಂಪ ಖಾರ ಉದುರಸ್ರಿ. ಒಮ್ಮೆ ನಾಲಿಗಿ ಸುಟ್ಟರ ಜನ್ಮಕ್ಕ ಮುಟ್ಟೂದಿಲ್ಲ" ಎಂದರು.

ಮನಸ್ಸಿಲ್ಲದ ಮನಸ್ಸಿನಿಂದ ಒಂದು ಚಿಟಿಕೆ ಉದುರಿಸಿದೆ. ಗುಂಡ್ಯಾ ಮೂಸಿದ, ಒಮ್ಮೆ ಸೀನಿದ, ಪೂರ್ತಿ ತಿಂದು ತುಟಿ ನೆಕ್ಕಿಕೊಂಡು ನನ್ನ ಮುಖ ನೋಡಿದ.

ಗೋಡೆಯಾಚೆ ನಿಂತಿದ್ದ ಚಾಚಾ ತಲೆ ತುರಿಸಿಕೊಂಡರು. "ನಮ್ಮ ಕಡೀ ನಾಯಿ ಬಿಡ್ರಿ ಅಕ್ಕಾರ. ಇಷ್ಟ ದಿನ ಪಾಪ, ಸಪ್ಪಂದು ತಿಂತಿತ್ತು."

೩. ಪಾಲಿನ ಜಗಳ

ನನ್ನ ಗಂಡನ ಉಪಾಯ ಬೇರೆ. ದಿನಾ ಬೆಳಿಗ್ಗೆ ಕಸಬರಿಗೆ ಹಿಡಿದು, ಲುಂಗಿ ಎತ್ತಿ ಕಟ್ಟಿ, "ಏ ಬಿಡು ಬಿಡು" ಅಂತ ಹಿತ್ತಲಿಗೆ ಓಡುವುದು. ಇವರು ಜೋರಾಗಿ ಓಡಿದಷ್ಟೂ ಅವನು ಜೋರಾಗಿ ತಿನ್ನುವನು.

ಡಾಕ್ಟರಿಗೆ ಫೋನ್ ಮಾಡಿದರೆ ಅವರು ನಕ್ಕರು. "ಬೈಬ್ಯಾಡ್ರಿ. ನೀವು ಹಂಗ ಓಡಿ ಬಂದ್ರ, ಪಾಲಿಗೆ ಬಂದ್ರು ಅಂತ ತಿಳಕೊಂಡು ಲಗೂ ನುಂಗತಾನ. ಕೆಲಸ ಮುಗಿಸಿದ ಕೂಡ್ಲೆ ಕರದು, ರುಚಿದು ಏನಾರ ಕೊಡ್ರಿ. ಅಷ್ಟರಾಗ ಇನ್ನೊಬ್ರು ಅದನ್ನ ತಗದಬಿಡ್ರಿ."

'ಪಾಲಿಗೆ' ಎಂಬ ಮಾತು ನನ್ನ ಗಂಡನಿಗೆ ಬಹಳ ಹತ್ತಿತು. ಅವತ್ತು ಉಪ್ಪಿಟ್ಟನ್ನೂ ತಿನ್ನಲಿಲ್ಲ.

ಕರೆಯುವ ಕೆಲಸ ಬೆಳಗಿನ ಜಾವ ಏಳುವ ಅತ್ತೆಗೆ ಬಿತ್ತು. ಏನಂತ ಕರೆಯುವುದು? ಆ ವಿಷಯವನ್ನೇ ಎತ್ತುವಂತಿಲ್ಲವಲ್ಲ. ಹಿತ್ತಲ ಮೆಟ್ಟಿಲ ಮೇಲೆ ನಿಂತು ಬರೀ ಚಪ್ಪಾಳೆ ತಟ್ಟಿ, ಕಟಕ್ ರೊಟ್ಟಿಯ ತುಂಡು ತೋರಿಸತೊಡಗಿದರು. ಗುಂಡ್ಯಾ ಎಲ್ಲ ಬಿಟ್ಟು ರೊಟ್ಟಿಗೆ ಓಡಿ ಬರುವನು, ನಾನು ಕಸದ ಮೊರ ಹಿಡಿದು ಎತ್ತುವವಳು. ಬರಬರುತ್ತ ಅವನು ಅದರ ಕಡೆ ತಿರುಗಿ ನೋಡುವುದೂ ಕಡಿಮೆಯಾಯಿತು. ಆದರೆ ನನ್ನ ಗಂಡ ನಂಬಲಿಲ್ಲ.

೪. ಭಜನೆಯ ದಿನ

ದೀಪಾವಳಿ ಹತ್ತಿರ ಬಂತು. ಅತ್ತೆಯ ಭಜನಾ ಮಂಡಳಿಯವರು ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ಹಾಡು ಏರಿತು, ಎಲ್ಲರೂ ಜೋರಾಗಿ ಚಪ್ಪಾಳೆ ಹಾಕತೊಡಗಿದರು. ಹಿತ್ತಲಿಂದ ಗುಂಡ್ಯಾ ಬಾಣದಂತೆ ಓಡಿ ಬಂದು ಅತ್ತೆಯ ಮುಂದೆ ನೆಟ್ಟಗೆ ಕೂತ.

"ಎಂಥಾ ಭಕ್ತೀರಿ ಈ ನಾಯಿಗೆ" ಎಂದರು ಒಬ್ಬರು ಕಣ್ಣೊರೆಸಿಕೊಂಡು.

ತಿಂದು ಬಂದನೋ ಏನೋ ಎಂದು ನನಗೆ ಭಯ. ಹಿತ್ತಲಿಗೆ ಓಡಿದೆ. ಹಾಕಿದ್ದು ಹಾಕಿದಲ್ಲೇ ಇತ್ತು, ಮೂಗು ಸಹ ತಾಗಿರಲಿಲ್ಲ. ಖುಷಿ ತಡೆಯಲಾಗದೆ ಅಲ್ಲಿಂದಲೇ ಕೂಗಿದೆ: "ಅತ್ತಿ, ತಿಂದಿಲ್ರಿ."

"ಏನು ತಿಂದಿಲ್ರಿ?" ಎಂದು ಮಂಡಳಿಯವರು ಕೇಳಿದರು.

"ಹೇಲು" ಎಂದರು ಅತ್ತೆ, ತುಂಬಿದ ಸಭೆಯಲ್ಲಿ, ದೊಡ್ಡ ದನಿಯಲ್ಲಿ, ಮೊಮ್ಮಗ ಪಾಸಾದಷ್ಟು ಹೆಮ್ಮೆಯಿಂದ.

ನನ್ನ ಗಂಡ ಒಳಗಿನಿಂದ ಓಡಿ ಬಂದರು, ಮುಖ ಕೆಂಪಗೆ. "ಅವ್ವಾ, ಏನ್ ಮಾತಾಡ್ತಿ ಮಂದಿ ಮುಂದ? ಇವತ್ತ ಬಿಟ್ಟಾಂವ ನಾಳೆ ತಿಂತಾನ. ಅದನ್ನ ತಿಂದ ಬಾಯಿ ಅದು. ಕಾಕಾನ ಹೊಲಕ್ಕ ಕಳಿಸೇಬಿಡೂಣು."

ಅತ್ತೆ ತಾಳ ಕೆಳಗಿಟ್ಟರು. ಗುಂಡ್ಯಾನ ಬಾಯಿಗೆ ರೊಟ್ಟಿ ತುಂಡು ಕೊಟ್ಟು, ಮಗನ ಕಡೆ ತಿರುಗಿದರು.

"ತೊಟ್ಟಿಲದಾಗಿನ ಕೂಸು ಇದ್ದಾಗ ನೀನೂ ಅದನ್ನ ಬಾಯಿಗೆ ಹಾಕ್ಕೊಂಡಾಂವನ ಅದೀ. ನಾ ನಿನ್ನ ಯಾವ ಹೊಲಕ್ಕ ಕಳಿಸಿದ್ನೋ?"